ಸಿಪ್ಯಾಪ್ ಯಂತ್ರಕ್ಕೆ ಒಗ್ಗಿಕೊಳ್ಳುವುದು ಮತ್ತು ಮಾಸ್ಕಿನ ಸೋರಿಕೆಯನ್ನು ಸರಿಪಡಿಸುವುದು

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡಾಗ ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಸರಿದು ಉಸಿರಿನ ದಾರಿಯನ್ನು ಮುಚ್ಚುತ್ತವೆ. ಹೀಗೆ ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಪದೇ ಪದೇ ನಿಲ್ಲುವ ಕಾಯಿಲೆಯನ್ನು ವೈದ್ಯರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರಾ ಪರೀಕ್ಷೆಯ ವರದಿಯಲ್ಲಿ ಕಾಣುವ ಎಎಚ್ಐ ಎಂಬ ಅಂಕಿಯು ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದನ್ನು ಹೇಳುತ್ತದೆ. ವಯಸ್ಕರಲ್ಲಿ ಅದು 5ಕ್ಕಿಂತ ಕಡಿಮೆ ಇದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ ಎಂದು ಪರಿಗಣಿಸುವುದು ರೂಢಿ. ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಸಿಪ್ಯಾಪ್ ವಿಧಾನವೇ ಇಂದಿಗೂ ಇದರ ಮುಖ್ಯ ಚಿಕಿತ್ಸೆಯಾಗಿದೆ. ಯಂತ್ರವು ಔಷಧವನ್ನಾಗಲಿ ಆಮ್ಲಜನಕವನ್ನಾಗಲಿ ಕೊಡುವುದಿಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ನಳಿಕೆ ಮತ್ತು ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕಿನ ಮೂಲಕ ನಿಗದಿತ ಒತ್ತಡದಲ್ಲಿ ಕಳುಹಿಸಿ, ಗಂಟಲಿನ ದಾರಿ ಕುಸಿಯದಂತೆ ಒಳಗಿನಿಂದ ತಡೆಹಿಡಿಯುತ್ತದೆ. ಆ ಒತ್ತಡ ಗಂಟಲನ್ನು ತಲುಪದೆ ಕೆನ್ನೆಯ ಪಕ್ಕದಲ್ಲಿ ಸೋರಿಹೋದರೆ, ಯಂತ್ರ ರಾತ್ರಿಯಿಡೀ ಓಡಿದರೂ ಚಿಕಿತ್ಸೆ ನಡೆದಿಲ್ಲವೆಂದೇ ಅರ್ಥ.

ಮೊದಲ ವಾರಗಳು

ಯಂತ್ರ ಮನೆಗೆ ಬಂದ ರಾತ್ರಿಯೇ ಅದರೊಂದಿಗೆ ಬೆಳಗಿನವರೆಗೆ ಮಲಗಲೇಬೇಕೆಂದು ಹಟ ಹಿಡಿಯುವುದಕ್ಕಿಂತ, ಎಚ್ಚರವಿರುವಾಗಲೇ ಅದರ ಪರಿಚಯ ಮಾಡಿಕೊಳ್ಳುವುದು ಮೇಲು. ಸಂಜೆ ಟಿವಿ ನೋಡುವಾಗಲೋ ಪತ್ರಿಕೆ ಓದುವಾಗಲೋ ಮೊದಲು ಮಾಸ್ಕನ್ನು ಮಾತ್ರ, ಪಟ್ಟಿ ಕಟ್ಟದೆ, ಕೈಯಿಂದ ಮುಖಕ್ಕೆ ಹಿಡಿದುಕೊಂಡು ಉಸಿರಾಡಿ. ಅದು ಸಹಜವೆನಿಸಿದ ಮೇಲೆ ಪಟ್ಟಿ ಕಟ್ಟಿ, ನಂತರ ನಳಿಕೆ ಜೋಡಿಸಿ ಯಂತ್ರವನ್ನು ಚಾಲೂ ಮಾಡಿ, ಕುಳಿತಲ್ಲಿಯೇ ಅರ್ಧ ಗಂಟೆ ಕಳೆಯಿರಿ. ಆಮೇಲೆ ಮಧ್ಯಾಹ್ನದ ಕಿರುನಿದ್ರೆಗೆ ಬಳಸಿ. ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವ ಅಭ್ಯಾಸವೂ ಈ ಹೊತ್ತಿನಲ್ಲೇ ಆಗಬೇಕು. ಮುಖ ಮುಚ್ಚಿದರೆ ಗಾಬರಿಯಾಗುವ ಸ್ವಭಾವದವರಿಗೆ ಈ ಮೆಟ್ಟಿಲುಗಳು ಹೆಚ್ಚು ದಿನ ಬೇಕಾಗಬಹುದು, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಸಿಪ್ಯಾಪ್ ಯಂತ್ರಗಳ ಒತ್ತಡವನ್ನು ಸೆಂಟಿಮೀಟರ್ ನೀರು ಎಂಬ ಮಾನದಲ್ಲಿ ಅಳೆಯುತ್ತಾರೆ; ಅದು ಸಾಮಾನ್ಯವಾಗಿ 4ರಿಂದ 20ರೊಳಗೆ ಇರುತ್ತದೆ. ನಿದ್ದೆ ಹತ್ತುವವರೆಗೆ ಕಡಿಮೆ ಒತ್ತಡದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುವ ರ್‍ಯಾಂಪ್ ಎಂಬ ಸೌಲಭ್ಯವೂ, ಉಸಿರು ಬಿಡುವಾಗ ಮಾತ್ರ ಒತ್ತಡವನ್ನು ಸ್ವಲ್ಪ ತಗ್ಗಿಸುವ ಸೌಲಭ್ಯವೂ ಹೆಚ್ಚಿನ ಯಂತ್ರಗಳಲ್ಲಿವೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು: ಆರಂಭದ ಒತ್ತಡ 4 ಇದ್ದಾಗ ಕೆಲವರಿಗೆ ಹಾಯೆನಿಸುವ ಬದಲು ಗಾಳಿಯೇ ಸಾಲದೆ ಉಸಿರು ಕಟ್ಟಿದಂತಾಗುತ್ತದೆ. ಅಂಥವರು ರ್‍ಯಾಂಪಿನ ಆರಂಭವನ್ನು ಸ್ವಲ್ಪ ಏರಿಸಿಕೊಡುವಂತೆ ತಂತ್ರಜ್ಞರನ್ನು ಕೇಳಬೇಕು. ಚಿಕಿತ್ಸೆಯ ಮುಖ್ಯ ಒತ್ತಡವನ್ನು ಮಾತ್ರ ವೈದ್ಯರ ಸೂಚನೆಯಿಲ್ಲದೆ ಬದಲಾಯಿಸಬಾರದು.

ಮೂಗು ಕಟ್ಟಿದ್ದರೆ ಮಾಸ್ಕಿಗೆ ಒಗ್ಗಿಕೊಳ್ಳುವುದು ಕಷ್ಟ. ಧೂಳಿನ ಅಲರ್ಜಿ, ವಾಲಿದ ಮೂಗಿನ ನಡುಗೋಡೆ, ಹಳೆಯ ಸೈನಸ್ ತೊಂದರೆ ಇರುವವರು ಇದನ್ನು ಕಿವಿ-ಮೂಗು-ಗಂಟಲು ತಜ್ಞರಿಗೆ ಮೊದಲೇ ತೋರಿಸಿಕೊಳ್ಳುವುದು ಜಾಣತನ. ಮಲಗುವ ಮುನ್ನ ಉಪ್ಪುನೀರಿನ ಸ್ಪ್ರೇ ಬಳಸುವುದು, ಯಂತ್ರದ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರಿನ ತೇವಾಂಶವನ್ನು ಒಂದು ಹಂತ ಏರಿಸುವುದು ಅನೇಕರಿಗೆ ಸಾಕಾಗುತ್ತದೆ.

ಸೋರಿಕೆಯೆಂದರೆ ಯಾವುದು, ಯಾವುದಲ್ಲ

ಪ್ರತಿ ಮಾಸ್ಕಿನ ಮುಂಭಾಗದಲ್ಲಿ ಅಥವಾ ಮೊಣಕೈಯಂತೆ ಬಾಗಿರುವ ಭಾಗದಲ್ಲಿ ಸಣ್ಣ ರಂಧ್ರಗಳಿರುತ್ತವೆ. ನೀವು ಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗುವುದು ಅಲ್ಲಿಂದಲೇ. ಪ್ರೆಶರ್ ಕುಕ್ಕರಿನಲ್ಲಿ ವೆಯ್ಟ್‌ನ ಕೆಳಗಿನಿಂದ ಬರುವ ಆವಿ ಬೇರೆ, ಗ್ಯಾಸ್ಕೆಟ್ಟಿನ ಅಂಚಿನಿಂದ ಬರುವ ಆವಿ ಬೇರೆ. ಮೊದಲನೆಯದು ಬರಲೇಬೇಕು, ಎರಡನೆಯದು ಬರಕೂಡದು. ಮಾಸ್ಕಿನ ರಂಧ್ರಗಳನ್ನು ಟೇಪಿನಿಂದಲೋ ಬಟ್ಟೆಯಿಂದಲೋ ಮುಚ್ಚುವುದು ಅಪಾಯಕಾರಿ. ಪಕ್ಕದಲ್ಲಿ ಮಲಗಿದವರ ಮುಖಕ್ಕೆ ಆ ಗಾಳಿ ಬಡಿಯುತ್ತಿದ್ದರೆ ಮಲಗುವ ಮಗ್ಗುಲನ್ನು ಬದಲಿಸಬೇಕು ಅಥವಾ ಗಾಳಿಯನ್ನು ಚದುರಿಸುವ ರಚನೆಯ ಮಾಸ್ಕನ್ನು ಆರಿಸಬೇಕು.

ಮುಖಕ್ಕೆ ತಾಗುವ ಮಾಸ್ಕಿನ ಮೆತ್ತನೆಯ ಅಂಚು, ಅಂದರೆ ಕುಶನ್, ಮತ್ತು ಚರ್ಮದ ನಡುವಿನಿಂದಲೋ ತೆರೆದ ಬಾಯಿಂದಲೋ ಹೋಗುವ ಗಾಳಿಯೇ ನಿಜವಾದ ಸೋರಿಕೆ. ರೆಸ್‌ಮೆಡ್ ಕಂಪನಿಯ ಯಂತ್ರಗಳು ರಂಧ್ರಗಳಿಂದ ಹೋಗಬೇಕಾದ ಗಾಳಿಯನ್ನು ಕಳೆದು ಉಳಿದ ಸೋರಿಕೆಯನ್ನಷ್ಟೇ ತೋರಿಸುತ್ತವೆ. ಅದು ನಿಮಿಷಕ್ಕೆ 24 ಲೀಟರ್ ಮೀರಿದರೆ ಹೆಚ್ಚೆಂದು ಪರಿಗಣಿಸಲಾಗುತ್ತದೆ. ಬೇರೆ ಕಂಪನಿಗಳ ಕೆಲವು ಯಂತ್ರಗಳು ಒಟ್ಟು ಸೋರಿಕೆಯನ್ನು ತೋರಿಸುವುದರಿಂದ, ಸ್ನೇಹಿತರ ಯಂತ್ರದ ಅಂಕಿಯೊಂದಿಗೆ ನಿಮ್ಮದನ್ನು ಹೋಲಿಸಿ ಚಿಂತಿಸುವುದರಲ್ಲಿ ಅರ್ಥವಿಲ್ಲ. ಸೋರಿಕೆ ಬಹಳವಾದಾಗ ಯಂತ್ರಕ್ಕೆ ಉಸಿರಿನ ಏರಿಳಿತ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಅಂಥ ರಾತ್ರಿ ಯಂತ್ರ ತೋರಿಸುವ ಎಎಚ್ಐ ಕಡಿಮೆ ಕಂಡರೂ ಅದನ್ನು ನಂಬುವಂತಿಲ್ಲ.

ಪಟ್ಟಿಯನ್ನು ಬಿಗಿಯುವ ಮುನ್ನ

ಬುಸ್ಸೆಂಬ ಸದ್ದು ಕೇಳಿದೊಡನೆ ಪಟ್ಟಿಯನ್ನು ಎಳೆದು ಬಿಗಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ; ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಮಾಡಬೇಕಾದದ್ದು. ಸಿಲಿಕೋನ್ ಕುಶನ್ನಿನ ತೆಳುವಾದ ಒಳಪದರವು ಗಾಳಿಯ ಒತ್ತಡದಿಂದ ಉಬ್ಬಿ ಚರ್ಮಕ್ಕೆ ಅಂಟಿಕೊಳ್ಳುವಂತೆ ರಚಿತವಾಗಿರುತ್ತದೆ. ಅತಿಯಾಗಿ ಬಿಗಿದರೆ ಆ ಪದರ ಮಡಚಿಹೋಗಿ, ಸೋರಿಕೆ ನಿಲ್ಲುವ ಬದಲು ಜಾಗ ಬದಲಿಸುತ್ತದೆ. ಜೊತೆಗೆ ಮೂಗಿನ ಮೇಲೆ ಹುಣ್ಣೂ ಆಗುತ್ತದೆ.

ಮಾಸ್ಕನ್ನು ಕನ್ನಡಿಯ ಮುಂದೆ ನಿಂತು ಹೊಂದಿಸಬಾರದು. ಮಲಗಿದಾಗ ಕೆನ್ನೆ ಮತ್ತು ದವಡೆಯ ಮಾಂಸಖಂಡಗಳು ಬೇರೆ ರೀತಿಯಲ್ಲಿ ಕೂರುವುದರಿಂದ, ನಿಂತಾಗ ಸರಿಯಾಗಿದ್ದದ್ದು ಮಲಗಿದಾಗ ಸೋರುತ್ತದೆ. ದಿನವೂ ಮಲಗುವ ದಿಂಬಿನ ಮೇಲೆಯೇ ಮಲಗಿ, ಎಲ್ಲ ಪಟ್ಟಿಗಳನ್ನು ಸಡಿಲಿಸಿ, ಯಂತ್ರವನ್ನು ಚಾಲೂ ಮಾಡಿ. ರ್‍ಯಾಂಪಿನ ಕಡಿಮೆ ಒತ್ತಡದಲ್ಲಿ ಸೋರಿಕೆ ಬಚ್ಚಿಟ್ಟುಕೊಳ್ಳುವುದರಿಂದ, ಯಂತ್ರದ ಮೆನುವಿನಲ್ಲಿ ಮಾಸ್ಕ್ ಫಿಟ್ ಎಂಬ ಆಯ್ಕೆಯಿದ್ದರೆ ಅದನ್ನು ಬಳಸಿ, ಇಲ್ಲವಾದರೆ ರ್‍ಯಾಂಪನ್ನು ಆ ಹೊತ್ತಿಗೆ ನಿಲ್ಲಿಸಿ. ಈಗ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆಳೆದು, ಕುಶನ್ ಗಾಳಿ ತುಂಬಿಕೊಂಡ ಮೇಲೆ ಮೆಲ್ಲಗೆ ಮತ್ತೆ ಕೂರಿಸಿ. ಬಳಿಕ ಎಡಬಲ ಪಟ್ಟಿಗಳನ್ನು ಒಟ್ಟಿಗೆ, ಸಮನಾಗಿ, ಸದ್ದು ನಿಲ್ಲುವಷ್ಟು ಮಾತ್ರ ಎಳೆಯಿರಿ; ಪಟ್ಟಿಯ ಕೆಳಗೆ ಬೆರಳೊಂದು ಸಲೀಸಾಗಿ ಹೋಗಬೇಕು. ಎಡಕ್ಕೂ ಬಲಕ್ಕೂ ಹೊರಳಿ ನೋಡಿದ ನಂತರವೇ ಹೊಂದಾಣಿಕೆ ಮುಗಿದಂತೆ. ಬೆಳಿಗ್ಗೆ ಎದ್ದಾಗ ಪಟ್ಟಿ ಬಿಚ್ಚದೆ ಕೊಕ್ಕೆಗಳನ್ನಷ್ಟೇ ಕಳಚಿದರೆ, ಕಂಡುಕೊಂಡ ಅಳತೆ ಮರುದಿನಕ್ಕೂ ಉಳಿಯುತ್ತದೆ.

ಇಷ್ಟಾದರೂ ಸೋರಿದರೆ ಎಲ್ಲಿ ಎಂದು ಬೆರಳಿನಿಂದ ಹುಡುಕಿ. ಗಾಳಿ ಕಣ್ಣಿಗೆ ಬಡಿದು ಬೆಳಿಗ್ಗೆ ಕಣ್ಣು ಕೆಂಪಾಗಿ ಒಣಗಿದ್ದರೆ ಸೋರಿಕೆ ಮೂಗಿನ ಸೇತುವೆಯ ಬಳಿ ಇದೆ; ಮೇಲಿನ ಪಟ್ಟಿಗಳನ್ನು ಹೊಂದಿಸಬೇಕು, ಅದರಿಂದಲೂ ಆಗದಿದ್ದರೆ ಕುಶನ್ನಿನ ಅಳತೆಯೇ ತಪ್ಪಾಗಿರುವ ಸಾಧ್ಯತೆಯಿದೆ. ಕೆಳತುಟಿಯ ಬಳಿ ಸೋರಿದರೆ ಕೆಳಗಿನ ಪಟ್ಟಿಗಳನ್ನು ನೋಡಿ. ಮಗ್ಗುಲಾಗಿ ಮಲಗಿದಾಗ ಮಾತ್ರ ಸೋರಿದರೆ ದಿಂಬು ಮಾಸ್ಕನ್ನು ತಳ್ಳುತ್ತಿದೆ, ಇಲ್ಲವೇ ನಳಿಕೆ ಎಳೆಯುತ್ತಿದೆ. ಮುಖ ದಿಂಬಿನ ಅಂಚಿನಿಂದ ಸ್ವಲ್ಪ ಹೊರಗಿರುವಂತೆ ಮಲಗುವುದು, ನಳಿಕೆಯನ್ನು ತಲೆಯ ಮೇಲಿನಿಂದ ಮಂಚದ ಹಲಗೆಗೆ ಹಾಯಿಸಿ ಸಡಿಲವಾಗಿ ಬಿಡುವುದು ಇದಕ್ಕೆ ಪರಿಹಾರ.

ಎಲ್ಲಿ ಎಂಬಷ್ಟೇ ಮುಖ್ಯವಾದ ಪ್ರಶ್ನೆ ಯಾವಾಗ ಎಂಬುದು. ನಡುರಾತ್ರಿಯವರೆಗೆ ಸುಮ್ಮನಿದ್ದು ಬೆಳಗಿನ ಜಾವ ಸೋರುವ ಮಾಸ್ಕು ಬಹಳ ಮಂದಿಯನ್ನು ಕಾಡುತ್ತದೆ. ಕನಸಿನ ನಿದ್ರೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಆಗ ಸ್ನಾಯುಗಳು ಇನ್ನಷ್ಟು ಸಡಿಲಗೊಂಡು ದವಡೆ ಇಳಿಯುತ್ತದೆ, ಆಪ್ನಿಯಾವೂ ಹೆಚ್ಚುವುದರಿಂದ, ಅಗತ್ಯಕ್ಕೆ ತಕ್ಕಂತೆ ಒತ್ತಡವನ್ನು ತಾನೇ ಬದಲಿಸುವ ಆಟೋ ಯಂತ್ರ ಅದನ್ನು ಏರಿಸುತ್ತದೆ, ಏರಿದ ಒತ್ತಡ ಕುಶನ್ನನ್ನು ಮುಖದಿಂದ ಎತ್ತುತ್ತದೆ. ಅಂಗಾತ ಮಲಗುವವರಲ್ಲಿ ಇದು ಇನ್ನೂ ಹೆಚ್ಚು. ಇಂಥ ಸೋರಿಕೆಗೆ ಪಟ್ಟಿ ಬಿಗಿಯುವುದು ಉತ್ತರವಲ್ಲ. ಮಗ್ಗುಲಾಗಿ ಮಲಗುವ ಅಭ್ಯಾಸ ಮತ್ತು ಒತ್ತಡದ ಮೇಲ್ಮಿತಿಯ ಬಗ್ಗೆ ವೈದ್ಯರೊಂದಿಗೆ ಮಾತುಕತೆ ಎರಡೂ ಬೇಕು.

ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತಿದ್ದರೆ, ಮೂಗಿನಿಂದ ಒಳಬಂದ ಗಾಳಿ ಬಾಯಿಂದ ಹೊರಹೋಗುತ್ತಿದೆ ಎಂದು ತಿಳಿಯಬೇಕು. ಮೊದಲು ಮೂಗಿನ ಕಟ್ಟುವಿಕೆಗೆ ಚಿಕಿತ್ಸೆ ಮಾಡಿಸಿ, ತೇವಾಂಶ ಏರಿಸಿ. ಗದ್ದವನ್ನು ಹಿಡಿದಿಡುವ ಪಟ್ಟಿ ಕೆಲವರಿಗೆ ಉಪಯುಕ್ತ. ಅದರಿಂದಲೂ ಆಗದವರು ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕಿಗೆ ಬದಲಾಗಬಹುದು, ಆದರೆ ಚರ್ಮಕ್ಕೆ ತಾಗುವ ಅಂಚು ಅದರಲ್ಲಿ ಉದ್ದವಾಗಿರುವುದರಿಂದ ಸೋರುವ ಜಾಗಗಳೂ ಹೆಚ್ಚು. ಅಂತರ್ಜಾಲದಲ್ಲಿ ಪ್ರಚಾರದಲ್ಲಿರುವಂತೆ ಬಾಯಿಗೆ ಟೇಪು ಅಂಟಿಸಿಕೊಳ್ಳುವುದನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಕೃತಕ ಹಲ್ಲುಗಳನ್ನು ರಾತ್ರಿ ತೆಗೆದಿಡುವ ಹಿರಿಯರ ತುಟಿ ಕೆನ್ನೆಗಳು ಒಳಕ್ಕೆ ಕುಸಿಯುತ್ತವೆ; ಅವರಿಗೆ ಹಲ್ಲು ತೆಗೆದಿಟ್ಟೇ ಮಾಸ್ಕಿನ ಅಳತೆ ನೋಡಬೇಕು.

ನಮ್ಮ ಮನೆಗಳ ಕೆಲವು ಕಾರಣಗಳು

ಮಾಸ್ಕಿನ ಜೊತೆ ಬರುವ ಕೈಪಿಡಿಯಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಪ್ರಸ್ತಾಪವನ್ನು ಹುಡುಕಿದರೆ ಸಿಗುವುದು ಕಷ್ಟ. ಎಣ್ಣೆ ಹಣೆಗಿಳಿದು ಕುಶನ್ನಿನ ಅಂಚನ್ನು ಜಾರಿಸುತ್ತದೆ, ಪಟ್ಟಿಯ ಬಟ್ಟೆಯನ್ನೂ ಬೇಗ ಸಡಿಲಿಸುತ್ತದೆ. ಎಣ್ಣೆ ಹಚ್ಚುವುದನ್ನು ಬೆಳಗಿನ ಸ್ನಾನದ ಮುಂಚಿನ ಹೊತ್ತಿಗೆ ಸರಿಸಿ, ರಾತ್ರಿ ಮುಖ ತೊಳೆದು ಒರೆಸಿಕೊಂಡೇ ಮಾಸ್ಕ್ ಹಾಕಬೇಕು. ಮುಖಕ್ಕೆ ವ್ಯಾಸಲೀನ್ ಹಚ್ಚುವುದೂ ಸಿಲಿಕೋನಿಗೆ ಒಳ್ಳೆಯದಲ್ಲ. ಮೂಗುಬೊಟ್ಟಿನ ಒಳಗಿನ ತಿರುಪು ಹೊಳ್ಳೆಗೆ ಕೂರುವ ಪಿಲ್ಲೋ ಮಾಸ್ಕಿಗೆ ಅಡ್ಡಿಯಾಗುತ್ತದೆ. ಅದನ್ನು ರಾತ್ರಿ ತೆಗೆಯಲು ಮನಸ್ಸಿಲ್ಲದ ಮಹಿಳೆಯರು ಮಾಸ್ಕ್ ಕೊಳ್ಳುವಾಗಲೇ ಹೇಳಿ, ಮೂಗನ್ನು ಪೂರ್ತಿಯಾಗಿ ಆವರಿಸುವ ಮಾದರಿಯನ್ನು ಹಾಕಿ ನೋಡಬೇಕು. ಎತ್ತರದ ತುರುಬು ಹಿಂದಿನ ಪಟ್ಟಿಯನ್ನು ಮೇಲಕ್ಕೆ ತಳ್ಳುವುದರಿಂದ, ಮಲಗುವಾಗ ಸಡಿಲವಾದ ಜಡೆಯೇ ವಾಸಿ. ದಪ್ಪ ಮೀಸೆ ಗಡ್ಡಗಳಿರುವವರಿಗೆ ಪಿಲ್ಲೋ ಮಾಸ್ಕ್ ಹೆಚ್ಚು ಹೊಂದುತ್ತದೆ.

ಸೀಲಿಂಗ್ ಫ್ಯಾನಿನ ಗಾಳಿಗೆ ನಳಿಕೆ ತಣ್ಣಗಾದರೆ ಒಳಗಿನ ತೇವ ಹನಿಯಾಗಿ ಗುಳುಗುಳು ಸದ್ದು ಮಾಡುತ್ತದೆ, ಕೆಲವೊಮ್ಮೆ ಮೂಗಿಗೂ ಚಿಮ್ಮುತ್ತದೆ. ನಳಿಕೆಗೆ ಬಟ್ಟೆಯ ಕವಚ ಹೊದಿಸಿ. ಯಂತ್ರವನ್ನು ಹಾಸಿಗೆಯ ಮಟ್ಟಕ್ಕಿಂತ ಕೆಳಗಿಡಿ. ಹ್ಯುಮಿಡಿಫೈಯರಿಗೆ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಬೆಂಗಳೂರಿನ ಅನೇಕ ಬಡಾವಣೆಗಳ ಗಡಸಾದ ಬೋರ್‌ವೆಲ್ ನೀರು ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಅಗ್ಗವೆಂದು ಅದನ್ನು ತುಂಬುವವರಿದ್ದಾರೆ. ಅದನ್ನು ಉಸಿರಾಟಕ್ಕಾಗಿ ತಯಾರಿಸಿಲ್ಲ. ಪ್ರತಿ ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ ತೊಟ್ಟಿಯನ್ನು ಒಣಗಿಸಿ, ಕುಶನ್ನನ್ನು ಉಗುರುಬೆಚ್ಚನೆಯ ನೀರು ಮತ್ತು ಸೌಮ್ಯ ಸೋಪಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ಕುಶನ್ ಹಳದಿಯಾಗಿ ಗಡುಸಾದ ಮೇಲೆ ಯಾವ ಹೊಂದಾಣಿಕೆಯೂ ಫಲ ಕೊಡದು, ಹೊಸದು ತರಬೇಕು.

ಕರೆಂಟು ಹೋದರೆ ಉಸಿರು ಕಟ್ಟೀತೆಂಬ ಭಯ ಬೇಡ. ಫುಲ್ ಫೇಸ್ ಮಾಸ್ಕಿನಲ್ಲಿ ಹೊರಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ಮೂಗಿನ ಮಾಸ್ಕಿನವರಿಗೆ ಬಾಯಿ ಇದ್ದೇ ಇದೆ. ಇನ್ವರ್ಟರ್ ಮೇಲೆ ಓಡಿಸುವಾಗ ಹ್ಯುಮಿಡಿಫೈಯರಿನ ಹೀಟರನ್ನು ಆರಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಏಕೆಂದರೆ ಹೆಚ್ಚು ವಿದ್ಯುತ್ತನ್ನು ಎಳೆಯುವುದು ಅದೇ.

ವೈದ್ಯರ ಬಳಿಗೆ ಯಾವಾಗ

ಮಾಸ್ಕಿನ ಕೊಕ್ಕೆಗಳಲ್ಲಿ ಅಯಸ್ಕಾಂತವಿದ್ದು, ನಿಮಗೆ ಅಥವಾ ಹತ್ತಿರ ಮಲಗುವವರಿಗೆ ಪೇಸ್‌ಮೇಕರ್ ಅಥವಾ ಅಯಸ್ಕಾಂತದಿಂದ ಬಾಧಿತವಾಗಬಹುದಾದ ಬೇರೆ ಸಾಧನವನ್ನು ದೇಹದೊಳಗೆ ಅಳವಡಿಸಿದ್ದರೆ, ಆ ಮಾಸ್ಕನ್ನು ಬಳಸುವ ಮೊದಲೇ ವೈದ್ಯರನ್ನು ಕೇಳಿ. ಅಯಸ್ಕಾಂತವಿಲ್ಲದ ಮಾದರಿಗಳು ಸಿಗುತ್ತವೆ. ಸೋರಿಕೆ ಹತೋಟಿಗೆ ಬಂದ ಮೇಲೂ ಎಎಚ್ಐ 5ಕ್ಕಿಂತ ಮೇಲೆಯೇ ಉಳಿದರೆ, ಹಗಲಿನ ತೂಕಡಿಕೆ ಕಡಿಮೆಯಾಗದಿದ್ದರೆ, ಗಾಳಿ ನುಂಗಿದಂತಾಗಿ ಹೊಟ್ಟೆ ಉಬ್ಬರಿಸಿದರೆ, ಮೂಗಿನಿಂದ ರಕ್ತ ಬಂದರೆ ಅಥವಾ ದೇಹದ ತೂಕ ಗಣನೀಯವಾಗಿ ಬದಲಾದರೆ ಒತ್ತಡವನ್ನು ಮರುಪರಿಶೀಲಿಸಬೇಕಾಗುತ್ತದೆ. ತೂಕಡಿಕೆ ಇರುವವರೆಗೆ ವಾಹನ ಓಡಿಸಬಾರದು. ವೈದ್ಯರ ಬಳಿ ಹೋಗುವಾಗ ಯಂತ್ರದ ಎಸ್‌ಡಿ ಕಾರ್ಡ್ ಅಥವಾ ಮೊಬೈಲ್ ಆ್ಯಪಿನ ವರದಿಯ ಜೊತೆಗೆ ಮಾಸ್ಕನ್ನೂ ಕೊಂಡೊಯ್ದು, ಅದು ಎಲ್ಲಿ, ರಾತ್ರಿಯ ಯಾವ ಹೊತ್ತಿನಲ್ಲಿ, ಯಾವ ಭಂಗಿಯಲ್ಲಿ ಸೋರುತ್ತದೆ ಎಂದು ತಿಳಿಸಿ, ಅಲ್ಲಿಯೇ ಮಲಗಿ ಹಾಕಿ ತೋರಿಸಿ.