ಮೂಟೆಯೊಳಗೆ ಉಸಿರಾಡುವ ಬಟಾಟೆ: ಅಡುಗೆಮನೆಯಲ್ಲಿ ನನ್ನ ಅನುಭವ

ಮುಂಬೈಯ ಮಾಟುಂಗದ ನಮ್ಮ ಹೋಟೆಲಿಗೆ ದಿನಕ್ಕೊಂದು ಮೂಟೆ, ಅಂದರೆ 50 ಕಿಲೋ ಬಟಾಟೆ (ಆಲೂಗಡ್ಡೆ) ಬೇಕು. ಮಸಾಲೆ ದೋಸೆಯ ಪಲ್ಯ, ವಡೆ, ಪೂರಿಯ ಸಾಗು, ಏಕಾದಶಿಗೆ ವೇಫರ್ (ಚಿಪ್ಸ್). ವಾಶಿಯ ಕಾಂದಾ-ಬಟಾಟಾ ಮಾರ್ಕೆಟ್ಟಿನಿಂದ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಒಂದೇ ಹಂಡೆಗೆ ಹಾಕಿದರೆ ಇವುಗಳಲ್ಲಿ ಎರಡಾದರೂ ಕೆಡುತ್ತವೆ. ಅಡುಗೆಯವನ ಕೈ ಸರಿಯಿಲ್ಲ, ಎಣ್ಣೆ ಸರಿಯಿಲ್ಲ ಎನ್ನುವ ಮುಂಚೆ ಬಟಾಟೆಯನ್ನೇ ನೋಡಬೇಕು. ಅದು ಮೂಟೆಯೊಳಗೂ ಬದುಕಿರುತ್ತದೆ, ಉಸಿರಾಡುತ್ತಿರುತ್ತದೆ.

ಬಟಾಟೆ ಬೇರಲ್ಲ, ಕಾಂಡ. ಮಣ್ಣಿನೊಳಗೆ ಅಡ್ಡಕ್ಕೆ ಹೋಗುವ ಕಾಂಡದ ತುದಿ ಉಬ್ಬಿ ಗಡ್ಡೆಯಾಗುತ್ತದೆ. ಅದರ ಕಣ್ಣುಗಳು ಮೊಗ್ಗುಗಳು. ಕಣ್ಣು ದಟ್ಟವಾಗಿರುವ ಕಡೆ ತಲೆ. ಇನ್ನೊಂದು ತುದಿಯ ಸಣ್ಣ ಗುಳಿ ತಾಯಿಗಿಡಕ್ಕೆ ಅಂಟಿಕೊಂಡಿದ್ದ ತೊಟ್ಟಿನ ಜಾಗ. ಕೈಗೆ ತೆಗೆದುಕೊಂಡ ತಕ್ಷಣ ಈ ಎರಡು ತುದಿ ಗುರುತಿಸುವ ಅಭ್ಯಾಸ ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಪರೀಕ್ಷೆ ಉಪ್ಪುನೀರಿನದು. 10 ಲೀಟರ್ ನೀರಿಗೆ 1.2 ಕಿಲೋ ಉಪ್ಪು ಹಾಕಿ ಪೂರ್ತಿ ಕರಗಿಸುತ್ತೇನೆ. ನೀರಿನ ಸಾಂದ್ರತೆ 1.08ರ ಹತ್ತಿರ ಬರುತ್ತದೆ. ಮೂಟೆಯ ಮೇಲೆ, ನಡುವೆ, ತಳದಿಂದ ಒಟ್ಟು ಹತ್ತು ಬಟಾಟೆ ತೆಗೆದು, ಮಣ್ಣು ತೊಳೆದು ಬಿಡುತ್ತೇನೆ. ಏಳಕ್ಕಿಂತ ಹೆಚ್ಚು ಮುಳುಗಿದರೆ ಮೂಟೆ ಪಲ್ಯಕ್ಕೂ ವಡೆಗೂ. ಪಿಷ್ಟ ನೀರಿಗಿಂತ ಭಾರ. ಪಿಷ್ಟ ಹೆಚ್ಚಿರುವ ಬಟಾಟೆ ಬೆಂದಾಗ ಕೋಶಗಳು ಒಂದಕ್ಕೊಂದು ಬಿಟ್ಟುಕೊಂಡು ಹಿಟ್ಟುಹಿಟ್ಟಾಗುತ್ತದೆ. ತೇಲುವುದರಲ್ಲಿ ನೀರು ಜಾಸ್ತಿ, ಹೋಳು ಒಡೆಯದೆ ನಿಲ್ಲುತ್ತದೆ, ಸಾಗುವಿಗೆ ಅದೇ ಒಳ್ಳೆಯದು. ಒಳಗೆ ಪೊಳ್ಳಿದ್ದರೂ ತೇಲುತ್ತದೆ, ಹಾಗಾಗಿ ತೇಲಿದ್ದರಲ್ಲಿ ಒಂದನ್ನು ಕತ್ತರಿಸಿ ನೋಡಲೇಬೇಕು.

ಹಿಟ್ಟಾಗುವ ಬಟಾಟೆಯನ್ನು ಬೇಯಿಸಿ, ಸಿಪ್ಪೆ ತೆಗೆದು, ಹಬೆ ಹೋಗುವ ತನಕ ತಟ್ಟೆಯಲ್ಲಿ ಹರಡಿ, ಕೈಯಲ್ಲೇ ಪುಡಿ ಮಾಡಬೇಕು. ಮಿಕ್ಸಿಗೆ ಹಾಕಿದರೆ ಕೋಶ ಒಡೆದು ಒಳಗಿನ ಪಿಷ್ಟ ಹೊರಬಂದು ಗೋಂದಾಗುತ್ತದೆ. ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ.

ವೇಫರ್ ವಿಷಯದಲ್ಲಿ ಅತಿ ಹೆಚ್ಚು ನಷ್ಟ ಕೊಡುವುದು ಕೋಲ್ಡ್ ಸ್ಟೋರೇಜ್ ಮಾಲು. ಉತ್ತರದ ಬೆಳೆ ಫೆಬ್ರವರಿ-ಮಾರ್ಚ್‌ನಲ್ಲಿ ಕಿತ್ತು ಬರುತ್ತದೆ. ಆಗ್ರಾ ಕಡೆಯ ಗೋದಾಮುಗಳಲ್ಲಿ 2ರಿಂದ 4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಮಳೆಗಾಲದಲ್ಲಿ ನಮಗೆ ಸಿಗುತ್ತದೆ. ಅಷ್ಟು ಚಳಿಗೆ ಮೊಳಕೆ ಬರುವುದಿಲ್ಲ, ಆದರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಮೊದಲು ಸುಕ್ರೋಸ್, ಆಮೇಲೆ ಇನ್ವರ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಸೀಳುತ್ತದೆ. ಕಾದ ಎಣ್ಣೆಯಲ್ಲಿ ಈ ಎರಡೂ ಸಕ್ಕರೆಗಳು ಗಡ್ಡೆಯ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ, ಕಹಿ ರುಚಿ ಕೊಡುತ್ತವೆ. ಅಸ್ಪರಾಜಿನ್ ಎಂಬ ಅಮೈನೋ ಆಮ್ಲದ ಜೊತೆ ಸೇರಿದಾಗ, ಕ್ಯಾನ್ಸರ್ ತರಬಹುದು ಎಂಬ ಶಂಕೆಯಿರುವ ಅಕ್ರಿಲಮೈಡ್ ಹುಟ್ಟುತ್ತದೆ. ಕರಿದ ತಿಂಡಿಯಲ್ಲಿ ಇದು ಇದೆ ಎಂದು 2002ರಲ್ಲಿ ಸ್ವೀಡನ್ನಿನಲ್ಲಿ ತೋರಿಸಿಕೊಟ್ಟ ಮೇಲೆ, ಹೊಂಬಣ್ಣ ದಾಟಿದ ವೇಫರನ್ನು ಮಾರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಗೆ ಮೆಡಿಕಲ್ ಅಂಗಡಿಯ ಪಟ್ಟಿ ಸಾಕು, ಮೂತ್ರದಲ್ಲಿ ಸಕ್ಕರೆ ನೋಡುವುದು. ಬಟಾಟೆಯನ್ನು ತಲೆಯಿಂದ ತೊಟ್ಟಿನವರೆಗೆ ಉದ್ದಕ್ಕೆ ಸೀಳಿ, ರಸ ಜಿನುಗಿದ ಮುಖಕ್ಕೆ ಪಟ್ಟಿ ಒತ್ತಿ, ಡಬ್ಬಿಯ ಬಣ್ಣಕ್ಕೆ ಹೋಲಿಸುವುದು. ಪಟ್ಟಿ ಗ್ಲೂಕೋಸನ್ನು ಮಾತ್ರ ತೋರಿಸುತ್ತದೆ, ಅಂದಾಜಿಗೆ ಅಷ್ಟು ಸಾಲುತ್ತದೆ. ನಡುಭಾಗ ಮಾತ್ರವಲ್ಲ, ತೊಟ್ಟಿನ ಕಡೆಗೂ ಒತ್ತಿ ನೋಡಿ: ಹೊಲದಲ್ಲಿ ನೀರು ತಪ್ಪಿದ, ಬಿಸಿಲಿಗೆ ಬಳಲಿದ ಗಿಡದ ಗಡ್ಡೆಯಲ್ಲಿ ಸಕ್ಕರೆ ಆ ತುದಿಯಲ್ಲೇ ಕೂತಿರುತ್ತದೆ, ಕರಿದಾಗ ಬಿಲ್ಲೆಗಳು ಅಲ್ಲಿ ಮಾತ್ರ ಕಪ್ಪಾಗುತ್ತವೆ. ಪಟ್ಟಿ ಇಲ್ಲದಿದ್ದರೆ 1.5 ಮಿಲಿಮೀಟರ್ ದಪ್ಪದ ಐದು ಬಿಲ್ಲೆಗಳನ್ನು 170 ಡಿಗ್ರಿ ಎಣ್ಣೆಯಲ್ಲಿ ಕರಿದು ನೋಡಿ.

ಸಕ್ಕರೆ ಹೆಚ್ಚಿದ್ದರೆ ಮೂಟೆ ಬಿಚ್ಚಿ, ಕತ್ತಲೆಯಲ್ಲಿ, ಗಾಳಿಯಾಡುವ ಹಲಗೆಯ ಮೇಲೆ ಒಂದೇ ಪದರವಾಗಿ ಎರಡು-ಮೂರು ವಾರ ಹರಡುವುದು. ಸಕ್ಕರೆ ಸ್ವಲ್ಪ ಉಸಿರಾಟಕ್ಕೆ ಖರ್ಚಾಗುತ್ತದೆ, ಸ್ವಲ್ಪ ಮತ್ತೆ ಪಿಷ್ಟವಾಗುತ್ತದೆ. ಇದಕ್ಕೆ 15ರಿಂದ 20 ಡಿಗ್ರಿ ಚೆನ್ನ, ಮುಂಬೈಯಲ್ಲಿ ಅದು ಎಲ್ಲಿಂದ ಬರಬೇಕು? ಫ್ಯಾನ್ ಇಟ್ಟು ಮಾಡುತ್ತೇನೆ, ಪ್ರತಿದಿನ ಕೊಳೆತದ್ದನ್ನು ಆರಿಸುತ್ತೇನೆ. ಸೆಖೆಯಲ್ಲಿ ರಾಶಿ ಹಾಕಿ ಗೋಣಿ ಹೊದಿಸಿದರೆ ಗಡ್ಡೆಯ ನಡುವಿಗೆ ಆಮ್ಲಜನಕ ಸಿಗದೆ ತಿರುಳು ಕಪ್ಪಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ವಯಸ್ಸಾಗಿ ಸುಕ್ಕಿದ ಬಟಾಟೆಯ ಸಕ್ಕರೆ ಇಳಿಯುವುದಿಲ್ಲ. ಅವಸರವಿದ್ದರೆ ಬಿಲ್ಲೆಗಳನ್ನು 75-80 ಡಿಗ್ರಿ ನೀರಿನಲ್ಲಿ ಮೂರು ನಿಮಿಷ ಅದ್ದಿ, ಸಕ್ಕರೆ ನೀರಿಗೆ ಬಿಟ್ಟ ಮೇಲೆ ಬಟ್ಟೆಯಲ್ಲಿ ಒರೆಸಿ ಕರಿಯಬಹುದು. ಆದರೆ ಸುಲಭದ ದಾರಿ ಬೇರೆ ಇದೆ: ಆ ಮೂಟೆಯನ್ನು ಪಲ್ಯಕ್ಕೆ ಕೊಡಿ. ಪಲ್ಯ ಒಂಚೂರು ಸಿಹಿಯಾಗುತ್ತದೆ, ಅಷ್ಟೇ. ವೇಫರಿಗೆ ಚಿಪ್ಸೋನಾ ತಳಿಯ ಮಾಲು ಸಿಕ್ಕರೆ ಎರಡು ರೂಪಾಯಿ ಹೆಚ್ಚಾದರೂ ಬಿಡಬೇಡಿ. ಮನೆಯಲ್ಲಂತೂ ಬಟಾಟೆಯನ್ನು ಫ್ರಿಜ್ಜಿನಲ್ಲಿ ಇಡಲೇಬಾರದು.

ಪಲ್ಯಕ್ಕೆ ಬೇರೆ ತೊಂದರೆಯಿದೆ. ಬೆಂದು ಬಿಳಿಯಾಗಿ ಇಳಿದ ಬಟಾಟೆ ಒಂದು ತಾಸಿನಲ್ಲಿ ತೊಟ್ಟಿನ ಕಡೆಯಿಂದ ಬೂದಿಬಣ್ಣಕ್ಕೆ ತಿರುಗುತ್ತದೆ. ಹಸಿ ಬಟಾಟೆ ಕತ್ತರಿಸಿದಾಗ ಕೆಂಪಗಾಗುವುದು ಇದಲ್ಲ. ಅದು ಕಿಣ್ವದ ಕೆಲಸ, ನೀರಿನಲ್ಲಿ ಮುಳುಗಿಸಿದರೆ ನಿಲ್ಲುತ್ತದೆ. ಈ ಬೂದಿಬಣ್ಣ ಗಡ್ಡೆಯೊಳಗಿನ ಕ್ಲೋರೋಜೆನಿಕ್ ಆಮ್ಲ ಮತ್ತು ಕಬ್ಬಿಣ ಸೇರಿದ್ದು. ಬೇಯುವಾಗ ಬಣ್ಣವಿಲ್ಲ, ಆರುವಾಗ ಗಾಳಿ ತಾಗಿ ಕಪ್ಪು ಬರುತ್ತದೆ. ತೊಟ್ಟಿನ ಕಡೆ ಸಿಟ್ರಿಕ್ ಆಮ್ಲ ಕಮ್ಮಿ, ಅದಕ್ಕೇ ಅಲ್ಲಿಂದ ಶುರು. ಕಬ್ಬಿಣದ ಬಾಣಲೆ ಬಿಟ್ಟು ಸ್ಟೀಲ್ ಪಾತ್ರೆ ಬಳಸುತ್ತೇನೆ, 10 ಲೀಟರ್ ನೀರಿಗೆ ಮೂರು ನಿಂಬೆಹಣ್ಣಿನ ರಸ ಹಿಂಡುತ್ತೇನೆ. ಹಿಂಡುವುದು ಮುಕ್ಕಾಲು ಬೆಂದ ಮೇಲೆ. ಮೊದಲೇ ಹುಳಿ ಬಿದ್ದರೆ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಕರಗದೆ ಬಟಾಟೆ ಗಟ್ಟಿಯಾಗಿಯೇ ಉಳಿಯುತ್ತದೆ.

ಕಾಂಡವಾದ್ದರಿಂದ ಬೆಳಕು ಬಿದ್ದರೆ ಹಸಿರಾಗುತ್ತದೆ, ಟ್ಯೂಬ್‌ಲೈಟೂ ಸಾಕು. ಹಸಿರು ಬಣ್ಣ ವಿಷವಲ್ಲ, ಆದರೆ ಅದೇ ಬೆಳಕಿಗೆ ಸೊಲನೈನ್, ಚಾಕೊನೈನ್ ಎಂಬ ವಿಷಗಳೂ ಹೆಚ್ಚುತ್ತವೆ, ಪೆಟ್ಟು ಬಿದ್ದಲ್ಲೂ ಹೆಚ್ಚುತ್ತವೆ. ಒಂದು ಕಿಲೋದಲ್ಲಿ 200 ಮಿಲಿಗ್ರಾಂ ಮೀರಬಾರದು ಎಂಬುದು ಬಹುಕಾಲದಿಂದ ಹಲವು ಕಡೆ ಒಪ್ಪಿದ ಮಿತಿ. ಕುದಿಸಿದರೆ ಹೋಗುವುದಿಲ್ಲ, ಕರಿದರೂ ಹೋಗುವುದಿಲ್ಲ. ಹೆಚ್ಚಿನ ಪಾಲು ಸಿಪ್ಪೆಯಲ್ಲಿ, ಅದರಡಿಯ ತೆಳು ಪದರದಲ್ಲಿ ಇರುತ್ತದೆ. ಸಣ್ಣ ಹಸಿರು ಕಲೆಯಿದ್ದರೆ 3 ಮಿಲಿಮೀಟರ್ ಆಳಕ್ಕೆ ಕೆತ್ತುತ್ತೇನೆ, ಮೈಯೆಲ್ಲ ಹಸಿರಾದದ್ದು ಕಸಕ್ಕೆ. ಮೊಳಕೆಯಲ್ಲಿ ಇವು ಇನ್ನೂ ಜಾಸ್ತಿ. ಮೊಳಕೆಯನ್ನು ಬುಡದ ತಿರುಳಿನ ಸಮೇತ ತೆಗೆಯಬೇಕು, ಗಡ್ಡೆ ಮೆತ್ತಗಾಗಿದ್ದರೆ ಅದನ್ನೂ ಬಿಸಾಡಬೇಕು. ಪಲ್ಯ ಕಹಿಯಾಗಿ ನಾಲಿಗೆ, ಗಂಟಲು ಉರಿದರೆ ಆ ಹಂಡೆಯನ್ನು ಬಡಿಸಬೇಡಿ. ಬೆಲ್ಲವೋ ಹುಳಿಯೋ ಹಾಕಿ ರುಚಿ ಮುಚ್ಚುವ ಕೆಲಸವನ್ನಂತೂ ಮಾಡಲೇಬೇಡಿ.