ಗಾವಠಾಣದ ಸುತ್ತಲಿನ 200 ಮೀಟರ್

ಪುಣೆಯ ಅಂಚಿನ ಹಳ್ಳಿಗಳಿಗೆ ಬೆಳವಣಿಗೆ ಬೇಕೋ ಬೇಡವೋ ಎಂದು ಕೇಳುವ ಕಾಲ ಮುಗಿದಿದೆ. 2017ರಲ್ಲಿ 11 ಹಳ್ಳಿಗಳು, 2021ರಲ್ಲಿ ಮತ್ತೆ 23 ಹಳ್ಳಿಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು; ಅವುಗಳ ಆಚೆಗಿರುವ ಊರುಗಳು ತಮ್ಮ ಸರದಿಗಾಗಿ ಕಾಯುತ್ತಿವೆ. ಧಾರವಾಡದಿಂದ ಬಂದು ಇಲ್ಲಿ ನಗರ ಯೋಜನೆಯ ಕೆಲಸ ಮಾಡಿಕೊಂಡಿರುವ ನನ್ನನ್ನು ಅಂಥದೊಂದು ಊರಿನ ಗ್ರಾಮ ಪಂಚಾಯಿತಿಯವರು ಕರೆಸಿ, ಊರು ಬೆಳೆಯಲಿ, ಆದರೆ ಅದರ ಗುರುತು ಉಳಿಯುವಂತೆ ಒಂದು ನಕಾಶೆ ಮಾಡಿಕೊಡಿ ಎಂದು ಕೇಳಿದರು. ಆ ಕೆಲಸವನ್ನು ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಗುರುತು ಎಂದರೆ ಏನೆಂದು ಮೊದಲ ಸಭೆಯಲ್ಲಿ ಕೇಳಿದಾಗ ಊರ ಬಾಗಿಲಿಗೆ ಕಲ್ಲಿನ ಕಮಾನು, ದೇವಸ್ಥಾನದ ಮುಂದೆ ಫರಸಿ, ಎಲ್ಲ ಮನೆಗಳಿಗೂ ಒಂದೇ ಬಣ್ಣ ಎಂಬ ಉತ್ತರಗಳು ಬಂದವು. ಇವು ಅಲಂಕಾರದ ಮಾತುಗಳು. ಕಮಾನು ಕಟ್ಟಿಸಿಯೂ ಗುರುತು ಕಳೆದುಕೊಂಡ ಊರುಗಳನ್ನು ಪುಣೆಯ ಸುತ್ತ ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕಾಶೆಯನ್ನು ಕೈಯಲ್ಲಿ ಹಿಡಿದು, ಹಿರಿಯರನ್ನೂ ಶಾಲೆಯ ದೊಡ್ಡ ತರಗತಿಯ ಮಕ್ಕಳನ್ನೂ ಜತೆಗೆ ಕರೆದುಕೊಂಡು, ಊರನ್ನು ನಡೆದೇ ಅಳೆಯಲು ಆರಂಭಿಸಿದೆವು. ಆಗ ಕಣ್ಣಿಗೆ ಬಿದ್ದದ್ದು ಮನೆಗಳಿಗಿಂತ ಹೆಚ್ಚಾಗಿ ಮನೆಗಳ ನಡುವಿನ ಜಾಗಗಳು. ಅರಳಿಮರದ ಕಟ್ಟೆಗೆ ನಾಲ್ಕು ಓಣಿಗಳು ಬಂದು ಕೂಡುತ್ತವೆ. ಪ್ರತಿ ಓಣಿಯಲ್ಲೂ ಮನೆಯ ಜಗಲಿ ನೇರವಾಗಿ ದಾರಿಗೆ ತಾಗಿದೆ. ದಾರಿಯ ಗಟಾರು ಓಢೆಗೆ, ಎಂದರೆ ಊರ ಕೆಳಗಿನ ಹಳ್ಳಕ್ಕೆ, ಇಳಿಯುತ್ತದೆ. ಹಳ್ಳ ದಾಟಿದರೆ ಹೊಲಗಳಿಗೆ ಹೋಗುವ ಪಾಣಂದ ದಾರಿಗಳು, ಅವುಗಳ ತುದಿಗೆ ಗಾಯರಾನ, ಎಂದರೆ ಊರ ದನ ಮೇಯುವ ಗೋಮಾಳ. ಹೆಂಚು ಹೋಗಿ ಸ್ಲ್ಯಾಬ್ ಬಂದರೂ ಈ ಜೋಡಣೆ ಇರುವಷ್ಟು ದಿನ ಅದು ಅದೇ ಊರು. ಆದ್ದರಿಂದ ಕಟ್ಟಡಗಳ ರೂಪವನ್ನು ಅವುಗಳ ಮಾಲೀಕರಿಗೆ ಬಿಟ್ಟು, ಖಾಲಿ ಜಾಗಗಳನ್ನು ಬಿಗಿಯಾಗಿ ಕಾಯುವುದೆಂದು ತೀರ್ಮಾನಿಸಿದೆವು.

ಮುಂದಿನದು ಲೆಕ್ಕದ ಕೆಲಸ. ನಾವು ಈ ಕೆಲಸ ಮಾಡುವಾಗ ಮಹಾರಾಷ್ಟ್ರದ ಭೂಕಂದಾಯ ಸಂಹಿತೆಯಲ್ಲಿ ಗಾವಠಾಣದ, ಎಂದರೆ ದಾಖಲೆಯಲ್ಲಿ ಊರಿನ ಮನೆಗಳಿಗೆಂದು ಗುರುತಿಸಿದ ಜಾಗದ, ಗಡಿಯಿಂದ 200 ಮೀಟರ್ ಒಳಗಿನ ಜಮೀನನ್ನು ಕೃಷಿಯೇತರ ಬಳಕೆಗೆ ತರಲು ಸುಲಭವಾದ ದಾರಿಯಿತ್ತು. ಈ ಸವಲತ್ತನ್ನು ಜನ ಬಿಡಿಬಿಡಿಯಾಗಿ ಬಳಸುತ್ತಿದ್ದರೇ ಹೊರತು ಆ ಇಡೀ ಪಟ್ಟಿಯನ್ನು ಒಟ್ಟಾಗಿ ನೋಡುವವರು ಕಡಿಮೆಯಿದ್ದರು. ಗಾವಠಾಣ ಸರಿಸುಮಾರು 150 ಮೀಟರ್ ತ್ರಿಜ್ಯದ ವೃತ್ತವೆಂದು ಇಟ್ಟುಕೊಂಡರೆ ಅದರ ವಿಸ್ತಾರ 7 ಹೆಕ್ಟೇರ್ ಆಗುತ್ತದೆ. ಸುತ್ತಲಿನ 200 ಮೀಟರಿನ ಪಟ್ಟಿಯದು 31 ಹೆಕ್ಟೇರ್, ಅಂದರೆ ಹಳೆಯ ಊರಿನ ನಾಲ್ಕು ಪಟ್ಟನ್ನೂ ಮೀರುತ್ತದೆ. ಮೂರು ಸಾವಿರ ಜನರ ಊರು ಇಮ್ಮಡಿಯಾದರೆ ಹೊಸದಾಗಿ ಬೇಕಾಗುವುದು ಸುಮಾರು 700 ಮನೆಗಳು. ರಸ್ತೆ, ಶಾಲೆ, ಮೈದಾನಗಳನ್ನೂ ಸೇರಿಸಿ ಹೆಕ್ಟೇರಿಗೆ 40 ಮನೆಗಳೆಂದು ಹಿಡಿದರೂ 18 ಹೆಕ್ಟೇರ್ ಸಾಕು. ಓಢೆಯ ಎರಡೂ ದಂಡೆಗಳನ್ನು ಬಿಟ್ಟ ಮೇಲೂ ಜಾಗ ಮಿಗುತ್ತದೆ. ಈ ಅಂಕಿಗಳನ್ನು ಶಾಲೆಯ ಕರಿಹಲಗೆಯ ಮೇಲೆ ಬರೆದಾಗ ಸಭೆಯ ಧಾಟಿಯೇ ಬದಲಾಯಿತು, ಏಕೆಂದರೆ ಬಾವಿ ನೀರಾವರಿಯ ದೂರದ ಹೊಲಗಳನ್ನು ಮುಟ್ಟದೆ ಬೆಳೆಯಬಹುದು ಎಂಬುದು ಆವರೆಗೆ ಬರೀ ಆಸೆಯಾಗಿತ್ತು.

ಆದರೆ ವೃತ್ತ ನಕಾಶೆಯ ಮೇಲೆ ದುಂಡಗಿರುತ್ತದೆ, ನೆಲ ಹಾಗಿರುವುದಿಲ್ಲ. ಪೂರ್ವಕ್ಕೆ ಪಟ್ಟಿಯ ದೊಡ್ಡ ಭಾಗ ಓಢೆಯ ತಗ್ಗಿನಲ್ಲಿತ್ತು. ಅಲ್ಲಿ ಮನೆ ಕಟ್ಟಿದವರಿಗೆ ನೀರು ಹೊಕ್ಕ ನೆನಪಿತ್ತು. ಆ ಕಡೆ ಕಟ್ಟಡ ಬೇಡವೆಂದು ಗೆರೆ ಎಳೆದಾಗ ಸಹಜವಾಗಿಯೇ ಆ ಜಮೀನಿನವರು ಎದ್ದು ನಿಂತರು. ಪಕ್ಕದವನ ಗುಂಟೆಗೆ ಬೆಲೆ ಬಂದು ತನ್ನದಕ್ಕೆ ಬಾರದಿದ್ದರೆ ಯಾರು ಒಪ್ಪುತ್ತಾರೆ? ಇದಕ್ಕೆ ಪರಿಹಾರ ನಗರ ರಚನಾ ಯೋಜನೆಯ ಹಳೆಯ ಪದ್ಧತಿಯಲ್ಲೇ ಇದೆ. 1915ರ ಮುಂಬಯಿ ಕಾಯ್ದೆಯಿಂದ ಬಂದು ಈಗ ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಲ್ಲಿ ಉಳಿದಿರುವ ಈ ಪದ್ಧತಿಯಲ್ಲಿ ಎಲ್ಲರ ಜಮೀನನ್ನೂ ಒಂದೆಡೆ ಸೇರಿಸಿ, ರಸ್ತೆಗೂ ಬಯಲಿಗೂ ಬೇಕಾದದ್ದನ್ನು ತೆಗೆದು, ಉಳಿದದ್ದನ್ನು ಮರುಹಂಚಿ ಪ್ರತಿಯೊಬ್ಬರಿಗೂ ನಿವೇಶನ ಕೊಡುತ್ತಾರೆ. ತಗ್ಗಿನ ರೈತನಿಗೂ ದಿಬ್ಬದ ಮೇಲೆ ಪಾಲು ಸಿಗುತ್ತದೆ. ಪುಣೆಯ ಮಗರಪಟ್ಟಾದ ರೈತರು ತಮ್ಮ ಹೊಲಗಳನ್ನು ಮಾರದೆ ಒಟ್ಟುಗೂಡಿಸಿ ತಾವೇ ಪಾಲುದಾರರಾದ ಕಥೆ ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಒಟ್ಟುಗೂಡಿಸುವ ಮಾತು ಯಾರಿಗೂ ಹೊಸದೆನಿಸಲಿಲ್ಲ. ಅಲ್ಲಿ ಎದ್ದದ್ದು ನಗರ, ನಮಗೆ ಬೇಕಾದದ್ದು ಓಣಿ ಎಂಬುದನ್ನು ಮಾತ್ರ ಪದೇಪದೇ ಹೇಳಬೇಕಾಯಿತು.

ಓಣಿಯ ವಿಷಯಕ್ಕೆ ಇನ್ನಷ್ಟು ಸಮಯ ಕೊಟ್ಟೆವು. ಗಾವಠಾಣದ ಹೊರಗೆ ಮನೆಯ ಮುಂದೆ ಜಾಗ ಬಿಡಬೇಕೆಂಬ ನಿಯಮವಿದೆ. ಬಿಟ್ಟ ಜಾಗಕ್ಕೆ ಮಾಲೀಕ ಕಂಪೌಂಡ್ ಕಟ್ಟುತ್ತಾನೆ, ಗೇಟು ಹಾಕುತ್ತಾನೆ, ಅಲ್ಲಿಗೆ ಜಗಲಿಯ ಮೇಲಿನ ಸಂಜೆ ಮುಗಿಯಿತು. ನಿಯಮ ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಅದರ ಬದಲು, ಬಿಟ್ಟ ಜಾಗದಲ್ಲಿ ಎರಡೂವರೆ ಅಡಿಗಿಂತ ಎತ್ತರದ ಗೋಡೆ ಬೇಡ, ಕೂರಲು ಕಟ್ಟೆಯಿರಲಿ ಎಂದು ಗ್ರಾಮಸಭೆಯ ಠರಾವು ಮಾಡಿಸಿದೆವು. ಅದಕ್ಕೆ ಕಾನೂನಿನ ಬಲವಿಲ್ಲ, ಊರಿನ ಒಪ್ಪಿಗೆಯ ಬಲ ಮಾತ್ರ ಇದೆ.

ಸಮೀಕ್ಷೆಯಲ್ಲಿ ಯಾರೂ ಹೆಸರೆತ್ತದ ಒಂದು ಗುಂಪು ಇತ್ತು. ಗಾವಠಾಣದ ಅಂಚಿಗೆ ಒಂದೆರಡು ಗುಂಟೆಯ ತುಂಡುಗಳಲ್ಲಿ ಪತ್ರಾ, ಎಂದರೆ ತಗಡು, ಹಾಕಿದ ಬಾಡಿಗೆ ಖೋಲಿಗಳು ಸಾಲಾಗಿ ಎದ್ದಿದ್ದವು. ಅವುಗಳಲ್ಲಿ ಇದ್ದವರು ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪಂಚಾಯಿತಿಯ ಕೆಲವು ಸದಸ್ಯರ ದೃಷ್ಟಿಯಲ್ಲಿ ಊರಿನ ಗುರುತು ಕೆಡಿಸುತ್ತಿದ್ದವರು ಇವರೇ. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು, "ಸಾಹೇಬ್ರ, ಖೋಲಿ ಸಣ್ಣದಿದ್ರೂ ನಡೀತೈತ್ರಿ, ಊರಾಗ ಇರಬೇಕು. ಹೊಲದಾಗಿನ ಚಾಳಿನಿಂದ ಅಂಗಡಿಗೆ ಬರೂದಂದ್ರ ಕತ್ತಲಾದ ಮ್ಯಾಲ ಅಂಜಿಕಿ ಬರ್ತೈತಿ" ಎಂದಳು. ಊರಿನೊಳಗೆ ಇರಬೇಕೆಂಬ ಈ ಬೇಡಿಕೆ ನಮ್ಮ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಹೊಸ ಪಟ್ಟಿಯಲ್ಲಿ ದೊಡ್ಡ ನಿವೇಶನಗಳ ನಡುವೆಯೇ ಸಣ್ಣ ಬಾಡಿಗೆ ಮನೆಗಳಿಗೆ, ನಲ್ಲಿ ಮತ್ತು ಶೌಚಾಲಯ ಸಹಿತ, ಜಾಗ ಗುರುತಿಸಿದೆವು. ಈ ಒಂದು ಅಂಶಕ್ಕೆ ಬಂದಷ್ಟು ವಿರೋಧ ಓಢೆಯ ಗೆರೆಗೂ ಬರಲಿಲ್ಲ. ಖೋಲಿ ಬಾಡಿಗೆಗೆ ಕೊಟ್ಟವರೂ ವಿರೋಧಿಸಿದವರಲ್ಲಿ ಇದ್ದರೆಂಬುದನ್ನು ಹೇಳದೆ ಇರಲಾರೆ.

ಗ್ರಾಮ ಪಂಚಾಯಿತಿ ಯೋಜನಾ ಪ್ರಾಧಿಕಾರವಲ್ಲ. ಅದರ ನಕಾಶೆಯನ್ನು ಯಾರೂ ಪಾಲಿಸಬೇಕಾಗಿಲ್ಲ. ಆದ್ದರಿಂದ ನಮ್ಮ ನಕಾಶೆಯನ್ನು ಠರಾವಿನೊಂದಿಗೆ ಸಿದ್ಧವಾಗಿಟ್ಟುಕೊಂಡು, ಮೇಲಿನ ಪ್ರಾಧಿಕಾರದ ಕರಡು ಅಭಿವೃದ್ಧಿ ಯೋಜನೆ ಪ್ರಕಟವಾದಾಗ ಆಕ್ಷೇಪಣೆಗೆಂದು ಕಾಯ್ದೆ ಕೊಡುವ 30 ದಿನಗಳ ಒಳಗೆ ಸಲ್ಲಿಸಿದೆವು. ಮೊದಲೇ ಸಿದ್ಧವಿದ್ದದ್ದೇ ನಮಗೆ ಅನುಕೂಲವಾಯಿತು. ಆ ಅವಧಿಯಲ್ಲಿ ಹೊಸದಾಗಿ ನಕಾಶೆ ಮಾಡಿಸಲು ಹೊರಟ ಊರುಗಳು ಬರೀ ಅರ್ಜಿಗಳನ್ನು ಕೊಟ್ಟು ಬಂದವು. ವಿಚಾರಣೆ ಚುಟುಕಾಗಿತ್ತು, ಕೇಳುತ್ತಿದ್ದವರ ಗಮನ ಗಡಿಯಾರದ ಮೇಲಿತ್ತು. ಆದರೂ ಕರಡಿನಲ್ಲಿ ಅರಳಿಕಟ್ಟೆಯ ಮೇಲೆಯೇ ಹಾದಿದ್ದ 18 ಮೀಟರ್ ರಸ್ತೆಯನ್ನು ಹಳೆಯ ಪಾಣಂದದ ಗುಂಟ ತಿರುಗಿಸುವ ಸೂಚನೆಯನ್ನು ಪರಿಗಣನೆಗೆ ತೆಗೆದುಕೊಂಡರು. ಪಾಣಂದವನ್ನು ಎರಡೂ ಬದಿಯ ಹೊಲದವರು ಉತ್ತುತ್ತಾ ಉತ್ತುತ್ತಾ ಅರ್ಧಕ್ಕೆ ತಂದಿರುವುದರಿಂದ ಅದರ ಗಡಿಕಲ್ಲುಗಳನ್ನು ಹುಡುಕುವ ಮೋಜಣಿ ಈಗ ನಡೆಯಬೇಕಾಗಿದೆ; ಶುಲ್ಕ ಕಟ್ಟಲು ಪಂಚಾಯಿತಿ ಒಪ್ಪಿದೆ, ಸುಗ್ಗಿ ಮುಗಿಯಲೆಂದು ಹೊಲದವರು ಕೇಳಿಕೊಂಡಿದ್ದಾರೆ.