ಗಡಿನಾಡಿನ ಕ್ಯಾಶುವಾಲಿಟಿಗೆ ನರ್ಸ್ ಸಜ್ಜಾಗುವುದು ಹೇಗೆ?

ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿ.ಎನ್.ಎಂ. ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿ, ಒಂದೆರಡು ವರ್ಷ ವಾರ್ಡಿನಲ್ಲಿ ಓಡಾಡಿದ ಮೇಲೆ ‘ಎಮರ್ಜೆನ್ಸಿ ಕಡೆ ಹೋಗ್ಬೇಕು, ಯಾವ ಕೋರ್ಸ್ ಮಾಡ್ಲಿ?’ ಎಂದು ಕೇಳುವವರು ಕಾಸರಗೋಡಿನಲ್ಲಿ ಕಡಿಮೆಯಿಲ್ಲ. ಉತ್ತರವಾಗಿ ಸಿಗುವುದು ಒಂದು ಪಟ್ಟಿ: ಬಿಎಲ್‌ಎಸ್ (ಹೃದಯ ನಿಂತವರನ್ನು ಬದುಕಿಸುವ ಮೊದಲ ಪಾಠ), ಎಸಿಎಲ್‌ಎಸ್ (ಶಾಕ್, ಔಷಧ ಸೇರಿದ ಅದರ ಮುಂದಿನ ಹಂತ), ಪಾಲ್ಸ್ (ಮಕ್ಕಳಿಗೆ ಸಂಬಂಧಿಸಿದ್ದು), ಟ್ರಾಮಾ ಅಂದರೆ ಅಪಘಾತದ ಪೆಟ್ಟಿನ ಕೋರ್ಸ್, ಒಂದು ವರ್ಷದ ಡಿಪ್ಲೊಮಾ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಯಾವುದು ಮೊದಲು, ಯಾವುದಕ್ಕೆ ಈಗಲೇ ದುಡ್ಡು ಸುರಿಯಬೇಕಾಗಿಲ್ಲ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ನಮ್ಮಲ್ಲಿ ಅದನ್ನು ತೀರ್ಮಾನಿಸಬೇಕಾದದ್ದು ರಸ್ತೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಉಪ್ಪಳ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಗಂಭೀರ ರೋಗಿಗಳು ಹೆಚ್ಚಾಗಿ ಹೊರಡುವುದು ಗಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ. ಹೊಸದುರ್ಗದಿಂದ (ಕಾಞಂಗಾಡ್) ತೆಂಕಿಗೆ ಇರುವವರು ಕಣ್ಣೂರಿನ ಪರಿಯಾರಂ ಕಡೆಗೂ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಹೀಗಿರುವಾಗ ಈ ಊರಿನ ಕ್ಯಾಶುವಾಲಿಟಿ ನರ್ಸ್ ಮೂರು ಕೆಲಸದಲ್ಲಿ ಪಳಗಬೇಕು. ಹೊರಡುವ ಮುಂಚೆ ರೋಗಿಯನ್ನು ಒಂದು ಸ್ಥಿತಿಗೆ ತರುವುದು, ದಾರಿಯಲ್ಲಿ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು, ಆ ಕಡೆಯವರಿಗೆ ಸರಿಯಾಗಿ ಒಪ್ಪಿಸುವುದು. ಯಾವ ಕೋರ್ಸ್ ನೋಡುವಾಗಲೂ ಈ ಮೂರಕ್ಕೆ ಅದರಿಂದೇನು ಉಪಯೋಗ ಎಂದು ಕೇಳಿಕೊಳ್ಳಿ.

ರಿಜಿಸ್ಟ್ರೇಷನ್ ಮೊದಲು ಸರಿಮಾಡಿಕೊಳ್ಳಿ

ಇದು ಬೇಸರದ ಕೆಲಸ, ಆದರೆ ಇಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ಮಂಗಳೂರಿನಲ್ಲಿ ಓದಿದ ನಮ್ಮ ಮಕ್ಕಳ ಹೆಸರು ಇರುವುದು ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ. ಕೇರಳದಲ್ಲಿ ಕೆಲಸ ಮಾಡಬೇಕಾದರೆ ಕೇರಳದ ಕೌನ್ಸಿಲ್‌ನಲ್ಲೂ ಹೆಸರು ಬೇಕು. ಕೇರಳದಲ್ಲಿ ಓದಿ ಮಂಗಳೂರಿನಲ್ಲಿ ಡ್ಯೂಟಿಗೆ ಸೇರುವವರಿಗೂ ಇದೇ ಮಾತು. ಒಂದು ರಾಜ್ಯದ ನೋಂದಣಿಯ ಆಧಾರದಲ್ಲಿ ಇನ್ನೊಂದು ರಾಜ್ಯದಲ್ಲಿ ನೋಂದಾಯಿಸಿಕೊಳ್ಳಲು ದಾರಿಯಿದೆ. ಎರಡು ಕೌನ್ಸಿಲ್‌ಗಳ ನಡುವೆ ಕಾಗದ ಓಡಾಡಬೇಕಾದ್ದರಿಂದ ಸಮಯ ಹಿಡಿಯುತ್ತದೆ. ಕೋರ್ಸಿಗೆ ಅರ್ಜಿ ಹಾಕುವ ವಾರ ಇದಕ್ಕೆ ಕೈಹಾಕಬೇಡಿ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ರಾಷ್ಟ್ರೀಯ ದಾಖಲೆಯಲ್ಲಿ ಸಿಗುವ ಎನ್‌ಯುಐಡಿ ಸಂಖ್ಯೆಯನ್ನೂ ಮಾಡಿಸಿಟ್ಟುಕೊಳ್ಳಿ.

ಬಿಎಲ್‌ಎಸ್: ಸಣ್ಣ ಕೋರ್ಸ್, ದೊಡ್ಡ ಕೆಲಸ

ಒಂದೇ ದಿನದೊಳಗೆ ಮುಗಿಯುವ ಕೋರ್ಸ್ ಎಂದು ಇದನ್ನು ಹಗುರವಾಗಿ ನೋಡುವವರಿದ್ದಾರೆ. ಹೃದಯ ನಿಂತ ರೋಗಿಗೆ ಕೈಯಿಂದ ಮಾಡುವ ಈ ಕೆಲಸ ಸರಿ ಆಗದಿದ್ದರೆ ಮುಂದಿನ ಯಾವ ಇಂಜೆಕ್ಷನ್ನೂ ಲಾಭ ಕೊಡದು. ದೊಡ್ಡವರಿಗೆ ಎದೆಯನ್ನು ಕನಿಷ್ಠ 5 ಸೆಂ.ಮೀ. ಒತ್ತಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120ರ ವೇಗ. 30 ಒತ್ತು, 2 ಉಸಿರು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ದಣಿದವರು ತಮಗೆ ಗೊತ್ತಿಲ್ಲದೆ ಬಿಡುವುದು ಇದನ್ನೇ, ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸುವುದು. ನಾಡಿ ನೋಡಲು 10 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಮಕ್ಕಳಿಗೆ ಇಬ್ಬರು ಸೇರಿ ಮಾಡುವಾಗ ಲೆಕ್ಕ 15ಕ್ಕೆ 2.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡಿಗೆ ಎರಡು ವರ್ಷದ ವಾಯಿದೆ. ಗಲ್ಫಿಗೆ ಹೋಗುವ ಯೋಚನೆ ಇದ್ದರೆ ಅದೇ ಕಾರ್ಡ್ ಮಾಡಿಸುವುದು ಒಳ್ಳೆಯದು, ಅಲ್ಲಿನ ಆಸ್ಪತ್ರೆಗಳು ಸಾಮಾನ್ಯವಾಗಿ ಕೇಳುವುದು ಅದನ್ನೇ. ಊರಲ್ಲೇ ಇರುವವರು ಭಾರತದ ಅರಿವಳಿಕೆ ತಜ್ಞರು ಕಟ್ಟಿದ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್‌ನ ತರಬೇತಿಯನ್ನೂ ನೋಡಬಹುದು. ಕೇಂದ್ರ ಆರೋಗ್ಯ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಎಮರ್ಜೆನ್ಸಿ ಲೈಫ್ ಸಪೋರ್ಟ್ ಎಂಬ ಕೋರ್ಸನ್ನು ಡಾಕ್ಟರ್, ನರ್ಸ್, ಪ್ಯಾರಾಮೆಡಿಕ್‌ಗಳಿಗೆಂದೇ ಶುರುಮಾಡಿದೆ. ಸರಕಾರಿ ಸೇವೆಯಲ್ಲಿರುವವರು ಇಲಾಖೆಯ ಮೂಲಕ ಇದಕ್ಕೆ ಪ್ರಯತ್ನಿಸಬೇಕು.

ಒಂದು ಎಚ್ಚರಿಕೆ. ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಿ ಕಾರ್ಡ್ ಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಪಾಠ ಆನ್‌ಲೈನ್ ಇರಬಹುದು, ಬೊಂಬೆಯ ಮೇಲೆ ಕೈಯಿಟ್ಟು ತೋರಿಸುವ ಪರೀಕ್ಷೆ ಎದುರುಬದುರೇ ಆಗಬೇಕು. ಕಾರ್ಡಿನ ಕೋಡ್ ಹಾಕಿ ಅಸಲಿಯೇ ಎಂದು ಯಾರು ಬೇಕಾದರೂ ನೋಡಬಹುದು. ಉದ್ಯೋಗ ಕೊಡುವವರಂತೂ ನೋಡಿಯೇ ನೋಡುತ್ತಾರೆ.

ನಡುವೆ ಒಂದು ವರ್ಷ ಕ್ಯಾಶುವಾಲಿಟಿಯಲ್ಲಿ ನಿಲ್ಲಿ

ಬಿಎಲ್‌ಎಸ್ ಆದ ಮರುತಿಂಗಳೇ ಎಸಿಎಲ್‌ಎಸ್‌ಗೆ ಓಡುವುದು ನನಗೆ ಸರಿ ಕಾಣುವುದಿಲ್ಲ. ಮಾನಿಟರ್‌ನಲ್ಲಿ ಹೃದಯದ ನಾಲ್ಕು ಲಯ ಗುರುತಿಸಲು ಬಾರದವರಿಗೆ ಅಲ್ಲಿ ಎರಡು ದಿನ ಬರೀ ತಲೆನೋವು. ಬದಲಿಗೆ ಡ್ಯೂಟಿ ಹಾಕಿಸಿಕೊಂಡು ಟ್ರಯಾಜ್ ಬಾಗಿಲಲ್ಲಿ ನಿಲ್ಲಿ. ಬಂದವರಲ್ಲಿ ಕೆಂಪು (ತಕ್ಷಣ ನೋಡಬೇಕಾದವರು) ಯಾರು, ಹಳದಿ (ಸ್ವಲ್ಪ ಕಾಯಬಲ್ಲವರು) ಯಾರು, ಹಸಿರು (ಕಾದರೂ ತೊಂದರೆಯಿಲ್ಲದವರು) ಯಾರು ಎಂದು ವಿಂಗಡಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಜೋರಾಗಿ ಕೂಗುವವರು ಎಷ್ಟೋ ಸಲ ಹಸಿರು. ಮೂಲೆಯಲ್ಲಿ ಬೆವರುತ್ತ ಸುಮ್ಮನೆ ಕೂತ, ‘ಗ್ಯಾಸ್ ಆಗಿದೆ ಸಿಸ್ಟರ್, ಒಂದು ಮಾತ್ರೆ ಕೊಡಿ ಸಾಕು’ ಎನ್ನುವ ಅರುವತ್ತರ ಅಜ್ಜನೇ ಕೆಂಪು. ಎದೆ, ದವಡೆ, ಎಡಗೈ, ಹೊಟ್ಟೆಯ ಮೇಲ್ಭಾಗ ಎಲ್ಲಿ ನೋವೆಂದರೂ, ಚೀಟಿ ಮಾಡಿಸಿಕೊಂಡು ಬನ್ನಿ ಎಂದು ಕಳಿಸದೆ 10 ನಿಮಿಷದೊಳಗೆ ಇಸಿಜಿ ತೆಗೆಯಿರಿ. ತೆಗೆದ ಸಮಯವನ್ನು ಅದರ ಮೇಲೇ ಬರೆಯಿರಿ. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವುದಾದರೆ ಕಳಿಸುವುದು, ಆಗದಿದ್ದರೆ ಹೆಪ್ಪು ಕರಗಿಸುವ ಔಷಧ ಇಲ್ಲೇ ಕೊಡುವುದು. ತೀರ್ಮಾನ ಡಾಕ್ಟರದ್ದು, ಅದಕ್ಕೆ ಬೇಕಾದ ಗಡಿಯಾರ ನಿಮ್ಮ ಕೈಯಲ್ಲಿದೆ.

ಲಕ್ವದ ಲಕ್ಷಣವಿದ್ದವರ ಮನೆಯವರಲ್ಲಿ ‘ಯಾವಾಗ ಶುರುವಾಯಿತು’ ಎಂದು ಕೇಳಬೇಡಿ. ‘ಸರಿಯಾಗಿದ್ದುದನ್ನು ಕೊನೆಗೆ ನೋಡಿದ್ದು ಯಾವಾಗ’ ಎಂದು ಕೇಳಿ. ಹೆಪ್ಪು ಕರಗಿಸುವ ಔಷಧ ಕೊಡಲು ಇರುವ ನಾಲ್ಕೂವರೆ ಗಂಟೆಯ ಲೆಕ್ಕ ಅಲ್ಲಿಂದ ಶುರು. ರಕ್ತದ ಸಕ್ಕರೆ ನೋಡದೆ ಯಾರನ್ನೂ ಲಕ್ವವೆಂದು ಕಳಿಸಬೇಡಿ.

ಎಸಿಎಲ್‌ಎಸ್‌ನಲ್ಲಿ ಕಲಿಯಬೇಕಾದದ್ದು ತಂಡದ ಕೆಲಸ

ಇದು ಸಾಮಾನ್ಯವಾಗಿ ಎರಡು ದಿನ. ಹೋಗುವ ಮುನ್ನ ಸ್ವಯಂಪರೀಕ್ಷೆಯಲ್ಲಿ ಶೇ. 70, ಕೊನೆಯ ಲಿಖಿತ ಪರೀಕ್ಷೆಯಲ್ಲಿ ಶೇ. 84 ಬೇಕು. ಯಾವ ಲಯಕ್ಕೆ ಶಾಕ್ ಕೊಡಬೇಕು, ಯಾವುದಕ್ಕೆ ಕೊಡಬಾರದು. ಅಡ್ರಿನಾಲಿನ್ 1 ಮಿ.ಗ್ರಾಂ. 3ರಿಂದ 5 ನಿಮಿಷಕ್ಕೊಮ್ಮೆ; ಶಾಕಿಗೆ ಬಗ್ಗದಿದ್ದರೆ ಅಮಿಯೊಡರಾನ್ ಮೊದಲು 300, ಆಮೇಲೆ 150 ಮಿ.ಗ್ರಾಂ. ಇವೆಲ್ಲ ಬಾಯಿಪಾಠ ಮಾಡಬಹುದು. ಬಾಯಿಪಾಠದಿಂದ ಬರದೇ ಇರುವುದು ಮಾತನಾಡುವ ರೀತಿ. ಡಾಕ್ಟರ್ ‘ಅಡ್ರಿನಾಲಿನ್ ಒಂದು ಕೊಡಿ’ ಎಂದಾಗ ‘ಅಡ್ರಿನಾಲಿನ್ ಒಂದು ಮಿಲಿಗ್ರಾಂ ಕೊಡ್ತಿದ್ದೇನೆ’ ಎಂದು ತಿರುಗಿ ಹೇಳಬೇಕು, ಕೊಟ್ಟ ಮೇಲೆ ‘ಕೊಟ್ಟಾಯ್ತು, ಎರಡು ಹತ್ತು’ ಎಂದು ಸಮಯ ಸಮೇತ ಹೇಳಬೇಕು. ನಮ್ಮಲ್ಲಿ ಹಿರಿಯರೆದುರು ತಿರುಗಿ ಹೇಳುವುದು ಸಂಕೋಚ. ಆ ಸಂಕೋಚ ಬಿಡಿಸುವುದಕ್ಕೇ ಈ ಕೋರ್ಸಿನ ದುಡ್ಡು ವಸೂಲಾಗುತ್ತದೆ. ಮಕ್ಕಳ ರೋಗಿಗಳು ಹೆಚ್ಚು ಬರುವ ಕಡೆಯಿದ್ದರೆ ಪಾಲ್ಸ್ ಕೂಡ ಮಾಡಿ, ಇಲ್ಲದಿದ್ದರೆ ತಡವಾದರೂ ನಡೆಯುತ್ತದೆ.

ಟ್ರಾಮಾ, ಹಾವು, ವಿಷ

ಡಾಕ್ಟರ್‌ಗಳ ಟ್ರಾಮಾ ಕೋರ್ಸ್ ಆದ ಎಟಿಎಲ್‌ಎಸ್‌ಗೆ ಜೊತೆಯಾಗಿ ನರ್ಸ್‌ಗಳಿಗೆ ಎಟಿಸಿಎನ್ ಇದೆ. ಅಮೆರಿಕದ ಎಮರ್ಜೆನ್ಸಿ ನರ್ಸಸ್ ಅಸೋಸಿಯೇಷನ್‌ನ ಟಿಎನ್‌ಸಿಸಿ ಇನ್ನೊಂದು. ಇವು ಎಲ್ಲ ಊರಲ್ಲೂ ನಡೆಯುವುದಿಲ್ಲ, ತಾರೀಖು ನೋಡಿಕೊಂಡು ರಜೆ ಹೊಂದಿಸಬೇಕು. ತಿರುವನಂತಪುರದಲ್ಲಿ ಕೇರಳ ಸರಕಾರದ ಅಪೆಕ್ಸ್ ಟ್ರಾಮಾ ಆ್ಯಂಡ್ ಎಮರ್ಜೆನ್ಸಿ ಲರ್ನಿಂಗ್ ಸೆಂಟರ್ ಇದೆ. ಅಲ್ಲಿ ಸಿಮ್ಯುಲೇಷನ್ ಮೂಲಕ ತರಬೇತಿ ಕೊಡುತ್ತಾರೆ, ದೂರವಾದರೂ ಹೋಗಿಬರಲು ಯೋಗ್ಯ.

ಆದರೆ ಅಮೆರಿಕದ ಪುಸ್ತಕದಲ್ಲಿ ಅಡಿಕೆ ಮರ ಇಲ್ಲ. ಮಳೆಗಾಲದಲ್ಲಿ ಮದ್ದು ಬಿಡಲು ಹತ್ತಿ ಜಾರಿ ಬಿದ್ದವರನ್ನು ನಾಲ್ವರು ಕೈಕಾಲು ಹಿಡಿದು ಜೀಪಿಗೆ ಹಾಕಿ ತಂದಿರುತ್ತಾರೆ. ಇಳಿಸುವಾಗಲಾದರೂ ಕುತ್ತಿಗೆ ಹಿಡಿದು, ಮೈ ತಿರುಚದಂತೆ ಒಟ್ಟಿಗೆ ಮಗುಚುವುದನ್ನು ನಿಮ್ಮ ಅಟೆಂಡರ್‌ಗಳಿಗೂ ಕಲಿಸಿ. ಬಿಪಿ ಕೆಳಗೆ ಹೋಗಿ ನಾಡಿಯೂ ನಿಧಾನವಿದ್ದರೆ ಬೆನ್ನುಹುರಿಯ ಪೆಟ್ಟು ನೆನಪಿಗೆ ಬರಲಿ, ಆದರೆ ಒಳಗೆ ರಕ್ತ ಹೋಗುತ್ತಿಲ್ಲವೆಂದು ಖಾತ್ರಿಯಾಗುವವರೆಗೆ ಅದನ್ನೇ ನಂಬಿ ಕೂರಬೇಡಿ. ಸೊಂಟದ ಮೂಳೆ ಮುರಿದಿರುವ ಸಂಶಯವಿದ್ದರೆ ವಾರ್ಡಿನ ಬೆಡ್‌ಶೀಟನ್ನೇ ಮಡಚಿ ಬಿಗಿಯಬಹುದು. ಕಟ್ಟಬೇಕಾದದ್ದು ಹೊಟ್ಟೆಯ ಸುತ್ತ ಅಲ್ಲ, ತೊಡೆಮೂಳೆಯ ಗಂಟು ಹೊರಗೆ ಕೈಗೆ ತಾಗುವ ಮಟ್ಟದಲ್ಲಿ.

ಹಾವಿನ ವಿಷಯದಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನರ್ಸ್ ಕೈಯದ್ದೇ. ಸುಮಾರು 2 ಮಿ.ಲೀ. ತಾಜಾ ರಕ್ತ, ಒಣಗಿದ ಶುಭ್ರ ಗಾಜಿನ ಟ್ಯೂಬ್, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಮ್ಮೆ ಬಾಗಿಸಿ ಹೆಪ್ಪುಗಟ್ಟಿದೆಯೇ ಎಂದು ನೋಡುವುದು. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪುಪುಡಿ ಹಾಕಿ ತೊಳೆದ ಟ್ಯೂಬಿನಲ್ಲಿ ಮಾಡಿದರೆ ಫಲಿತಾಂಶ ಸುಳ್ಳಾಗುತ್ತದೆ. ಎರಡು ಗಾಜಿನ ಟ್ಯೂಬನ್ನು ಕ್ಯಾಶುವಾಲಿಟಿಯ ಒಂದು ಡಬ್ಬಿಯಲ್ಲಿ ಬೇರೆಯೇ ಇಟ್ಟುಬಿಡಿ. ನಮ್ಮ ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮಲೆಯಾಳ ಕರಾವಳಿಯ ತೋಟಗಳಲ್ಲಿ ಸಿಗುವ, ಮೂಗಿನ ತುದಿ ಮೇಲೆದ್ದ ಹಂಪ್‌ನೋಸ್ಡ್ ಪಿಟ್ ವೈಪರ್‌ಗೆ ಅದು ನಾಟುವುದಿಲ್ಲ, ಅದು ಕಚ್ಚಿದರೆ ಕಿಡ್ನಿಯ ಮೇಲೆ ಕಣ್ಣಿಡಬೇಕು. ಆ್ಯಂಟಿವೆನಮ್ ಹನಿಯಲು ಶುರುಮಾಡುವ ಮೊದಲೇ, ಅದು ಮೈಗೆ ಒಗ್ಗದಿದ್ದರೆ ಕೊಡಲು ಅಡ್ರಿನಾಲಿನ್ ಸಿರಿಂಜಿಗೆ ತೆಗೆದು ಪಕ್ಕದಲ್ಲಿರಲಿ. ಮಗುವಾದರೂ ಆ್ಯಂಟಿವೆನಮ್ ಪ್ರಮಾಣ ದೊಡ್ಡವರಷ್ಟೇ.

ಕೀಟನಾಶಕ ಕುಡಿದು ಬಂದವರ ಬಟ್ಟೆ ಬಿಚ್ಚಿ, ಗ್ಲೌಸ್ ಹಾಕಿಕೊಂಡು ಸೋಪಿನಲ್ಲಿ ಮೈ ತೊಳೆಯುವುದನ್ನು ಯಾರೂ ಮಾಡಲೊಲ್ಲರು. ಚರ್ಮದಿಂದ ವಿಷ ಒಳಗೆ ಹೋಗುತ್ತಲೇ ಇರುತ್ತದೆ, ತೊಳೆಯಲೇಬೇಕು. ಈ ವಿಷಕ್ಕೆ ಕೊಡುವ ಆಟ್ರೊಪಿನ್ ಸಾಕಾಯಿತೇ ಎಂದು ತಿಳಿಯಲು ಕಣ್ಣಿನ ಪಾಪೆಗಿಂತ ಎದೆಯ ಸದ್ದು ಕೇಳಿ: ಗೊರಗೊರ ನಿಂತಿರಬೇಕು.

ಒಂದು ವರ್ಷದ ಡಿಪ್ಲೊಮಾ ಯಾರಿಗೆ?

ಭಾರತೀಯ ನರ್ಸಿಂಗ್ ಕೌನ್ಸಿಲ್ ಅಂಗೀಕರಿಸಿದ ‘ಎಮರ್ಜೆನ್ಸಿ ಆ್ಯಂಡ್ ಡಿಸಾಸ್ಟರ್ ನರ್ಸಿಂಗ್’ ಪೋಸ್ಟ್ ಬೇಸಿಕ್ ಡಿಪ್ಲೊಮಾ ಒಂದು ವರ್ಷದ್ದು. ನೋಂದಾಯಿತ ನರ್ಸ್ ಆಗಿರಬೇಕು, ಕನಿಷ್ಠ ಒಂದು ವರ್ಷದ ಕೆಲಸದ ಅನುಭವವೂ ಇರಬೇಕು. ಈ ಕ್ಷೇತ್ರದಲ್ಲೇ ಉಳಿಯುತ್ತೇನೆ ಎಂದು ಗಟ್ಟಿಯಾದವರು ಮಾತ್ರ ಇದಕ್ಕೆ ಸೇರಿ. ಸೇರುವ ಮುನ್ನ ಕಾಲೇಜಿನ ಕಟ್ಟಡ ನೋಡಿ ಮರುಳಾಗದೆ ಮೂರು ಪ್ರಶ್ನೆ ಕೇಳಿ. ಈ ವರ್ಷಕ್ಕೆ ಕೌನ್ಸಿಲ್‌ನ ಅನುಮತಿ ಇದೆಯೇ? ನಿಜವಾದ ಎಮರ್ಜೆನ್ಸಿ ವಿಭಾಗದಲ್ಲಿ ಎಷ್ಟು ತಿಂಗಳ ಪೋಸ್ಟಿಂಗ್? ಸ್ಟೈಪೆಂಡ್ ಇದೆಯೇ, ಅಥವಾ ಸಿಬ್ಬಂದಿ ಕೊರತೆ ತುಂಬಲು ನಮ್ಮನ್ನು ವಾರ್ಡಿಗೆ ಹಾಕುತ್ತಾರೆಯೇ? ಹಿಂದಿನ ಬ್ಯಾಚಿನವರು ಕೊಡುವ ಉತ್ತರ ಪ್ರಾಸ್ಪೆಕ್ಟಸ್‌ಗಿಂತ ನಂಬಿಕಸ್ತ. ಮುಗಿದ ಮೇಲೆ ಅದನ್ನು ಹೆಚ್ಚುವರಿ ಅರ್ಹತೆಯಾಗಿ ರಾಜ್ಯದ ಕೌನ್ಸಿಲ್‌ನಲ್ಲಿ ಬರೆಸಿಕೊಳ್ಳಿ. ಇನ್ನೂ ಮುಂದೆ ಹೋಗುವವರಿಗೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಸ್ನಾತಕೋತ್ತರ ಕೋರ್ಸಿದೆ.

ರೆಫರ್ ಮಾಡುವುದನ್ನು ಅಭ್ಯಾಸ ಮಾಡಿ

ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುವ ಈ ಕೆಲಸಕ್ಕೆ ಕಾರ್ಡ್ ಕೊಡುವ ಕೋರ್ಸ್ ಸುಲಭಕ್ಕೆ ಸಿಗದು. ನಮಗೆ ಹೆಚ್ಚು ಬೇಕಾದದ್ದು ಇದೇ. ಮೊದಲು ಆಮ್ಲಜನಕದ ಲೆಕ್ಕ. ತುಂಬಿದ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ, 15 ಬಿಟ್ಟರೆ 100 ನಿಮಿಷ. ಮುಳ್ಳು ಅರ್ಧದಲ್ಲಿದ್ದರೆ 15ರ ಲೆಕ್ಕದಲ್ಲಿ ಬರೀ 50. ಹೆದ್ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಕಥೆ ಮುಗಿಯಿತು. ದಾರಿಗೆ ಬೇಕಾದ ಹೊತ್ತಿನ ಎರಡರಷ್ಟು ಇಲ್ಲದೆ ಹೊರಡಬೇಡಿ. ಕಟ್ಟುಹಾವು ಕಚ್ಚಿ ಕಣ್ಣುರೆಪ್ಪೆ ಜೋತವರ ಜೊತೆ ಹೋಗುವಾಗ, ಉಸಿರು ನಿಂತರೆ ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್ ಮಾಸ್ಕ್ ಸಮೇತ ನಿಮ್ಮ ಮಡಿಲಲ್ಲಿರಲಿ, ಸೀಟಿನಡಿಯ ಬ್ಯಾಗಿನಲ್ಲಿ ಬೇಡ.

ಫೋನಿನಲ್ಲಿ ಒಪ್ಪಿಸುವ ರೀತಿ ಹೀಗಿರಲಿ: ‘ಸಿಸ್ಟರ್, ಉಪ್ಪಳದಿಂದ ಮಾತಾಡ್ತಿರುವುದು. 42 ವರ್ಷದ ಗಂಡಸು, ಹನ್ನೊಂದು ಗಂಟೆಗೆ ಅಡಿಕೆ ಮರದಿಂದ ಬಿದ್ದದ್ದು. ಬಲತೊಡೆ ಮುರಿದಿದೆ, ಸೊಂಟ ನೋವು. ಬಿಪಿ 90, ನಾಡಿ 124, ಜಿಸಿಎಸ್ 15. ಎರಡು ಕ್ಯಾನುಲಾ ಹಾಕಿದೆ, ಸೊಂಟ ಕಟ್ಟಿದೆ, ಟ್ರಾನೆಕ್ಸಾಮಿಕ್ ಆ್ಯಸಿಡ್ ಒಂದು ಗ್ರಾಂ ಹನ್ನೆರಡಕ್ಕೆ ಕೊಟ್ಟಿದೆ. ಈಗ ಹೊರಡ್ತೇವೆ, ರಕ್ತ ರೆಡಿ ಮಾಡಿಸಿ.’ ವಯಸ್ಸು, ಹೊತ್ತು, ಹೇಗಾಯಿತು, ಪೆಟ್ಟೆಲ್ಲಿ, ಅಂಕಿಗಳು (ಜಿಸಿಎಸ್ ಎಂದರೆ ಪ್ರಜ್ಞೆಯ ಅಳತೆ), ಏನು ಕೊಟ್ಟೆವು (ಟ್ರಾನೆಕ್ಸಾಮಿಕ್ ರಕ್ತಸ್ರಾವ ತಗ್ಗಿಸಲು), ಎಲ್ಲವೂ ಅರ್ಧ ನಿಮಿಷದಲ್ಲಿ ಬಂತು. ಇದನ್ನೇ ಒಂದು ಹಾಳೆಯಲ್ಲಿ ಬರೆದು ರೋಗಿಯ ಜೊತೆ ಕಳಿಸಿ. ಅಕ್ಷರ ಇಂಗ್ಲಿಷಿನಲ್ಲಿರಲಿ, ಮಲೆಯಾಳದಲ್ಲಿ ಬರೆದ ಚೀಟಿ ತಲಪಾಡಿ ದಾಟಿದರೆ ಓದುವವರು ಸಿಗಲಿಕ್ಕಿಲ್ಲ.

ಕಲಿತದ್ದು ಕೈಯಲ್ಲಿ ಉಳಿಯಬೇಕಾದರೆ

ಕಾರ್ಡಿನ ವಾಯಿದೆ ಎರಡು ವರ್ಷ ಇರಬಹುದು, ಎದೆ ಒತ್ತುವ ಕೌಶಲ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ತಿಂಗಳಿಗೊಮ್ಮೆ, ರೋಗಿಗಳು ಕಡಿಮೆಯಿರುವ ಮಧ್ಯಾಹ್ನ, ಹೃದಯ ನಿಂತ ರೋಗಿ ಬಂದಂತೆ ಹತ್ತು ನಿಮಿಷದ ಅಣಕು ಕೋಡ್ ನಡೆಸಿ. ಬೊಂಬೆ ಇಲ್ಲದಿದ್ದರೆ ಗಟ್ಟಿ ದಿಂಬು ಸಾಕು. ಒಬ್ಬರು ಒತ್ತಲಿ, ಒಬ್ಬರು ಸಮಯ ಹೇಳಲಿ, ಹೊಸದಾಗಿ ಸೇರಿದವರು ಕ್ರಾಶ್ ಕಾರ್ಟಿನಿಂದ (ತುರ್ತು ಔಷಧಗಳ ಗಾಡಿ) ಹೇಳಿದ ಔಷಧ ತೆಗೆದುಕೊಡಲಿ. ಅವರು ಎಷ್ಟು ಡ್ರಾಯರ್ ಎಳೆದು ಹುಡುಕಿದರು ಎಂದು ನೋಡಿ. ಎರಡನೆಯದಕ್ಕೆ ಸಿಗಲಿಲ್ಲವಾದರೆ ಅವರನ್ನು ಬೈಯದೆ ಕಾರ್ಟನ್ನು ಜೋಡಿಸಿ. ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತದೆಯೇ, ಸಕ್ಷನ್ ಎಳೆಯುತ್ತದೆಯೇ, ಡಿಫಿಬ್ರಿಲೇಟರ್ ಚಾರ್ಜ್ ಹಿಡಿದಿದೆಯೇ ಎಂಬುದನ್ನು ಪ್ರತಿ ಶಿಫ್ಟಿನ ಶುರುವಿನಲ್ಲಿ ಮುಟ್ಟಿ ನೋಡಿ, ಆಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಿ.